ಠೇವಣಿಯ ಬೆಲೆ, ಬ್ಯಾಂಕಿನ ಲಾಭ

ಕೇಳುಗರಿಗೆ ನಮಸ್ಕಾರ. ಖಾಸಗಿ ಬ್ಯಾಂಕಿನ ಲಾಭ ಎಂದೊಡನೆ ಎಲ್ಲರ ಗಮನ ಸಾಲದ ಬಡ್ಡಿಯ ಕಡೆಗೆ ಹೋಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಠೇವಣಿ ಎಷ್ಟು ಅಗ್ಗವಾಗಿ ಬಂದಿದೆ ಎಂಬುದನ್ನು ಎಂದು ನಾನು ದೃಢವಾಗಿ ನಂಬುತ್ತೇನೆ.

ಬ್ಯಾಂಕಿಗೆ 100 ರೂಪಾಯಿ ಠೇವಣಿ ಬಂತೆನ್ನಿ. ಅದರಲ್ಲಿ ಒಂದು ಪಾಲು ನಗದು ಮೀಸಲಾಗಿ ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ; 2025ರಲ್ಲಿ ಈ ಪ್ರಮಾಣ ಹಂತಹಂತವಾಗಿ ಶೇ. 4ರಿಂದ 3ಕ್ಕೆ ಇಳಿಯಿತಾದರೂ ಆ ಹಣಕ್ಕೆ ಬಿಡಿಗಾಸಿನ ಬಡ್ಡಿಯೂ ಇಲ್ಲ. ಇನ್ನು 18 ರೂಪಾಯಿಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕು. ಸಾಲ ಕೊಡಲು ಉಳಿಯುವುದು 79 ರೂಪಾಯಿ. ಠೇವಣಿದಾರರಿಗೆ ಬಡ್ಡಿ ಕೊಡಬೇಕಾದದ್ದು ಮಾತ್ರ ಪೂರಾ 100ಕ್ಕೆ. ಆದ್ದರಿಂದಲೇ ಬಡ್ಡಿಯಿಲ್ಲದ ಚಾಲ್ತಿ ಖಾತೆ ಮತ್ತು ಕಡಿಮೆ ಬಡ್ಡಿಯ ಉಳಿತಾಯ ಖಾತೆಗಳು ಹೆಚ್ಚಿರುವ ಬ್ಯಾಂಕು ನೆಮ್ಮದಿಯಿಂದಿದ್ದರೆ, ನಿಶ್ಚಿತ ಠೇವಣಿಯನ್ನೇ ನೆಚ್ಚಿಕೊಂಡ ಬ್ಯಾಂಕು ಹೆಚ್ಚು ಬಡ್ಡಿ ತೆರಲು ಒಪ್ಪುವ, ಅಷ್ಟೇ ಅಪಾಯವೂ ಇರುವ ಸಾಲಗಾರರನ್ನು ಅರಸುವಂತಾಗುತ್ತದೆ.

ನಮ್ಮ ಕರಾವಳಿಯವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಖಾಸಗಿ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಆದರೆ ಮನೆಮನೆ ತಿರುಗುವವರಿಗೆ ಕಮಿಷನ್ ಕೊಡಬೇಕು, ಪ್ರತಿ ಜಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಾಖೆ, ಸಿಬ್ಬಂದಿ, ತಂತ್ರಜ್ಞಾನದ ವೆಚ್ಚ ಇಂದಿಗೂ ಹೀಗೆಯೇ ಲಾಭವನ್ನು ಕರಗಿಸುತ್ತದೆ.

ರೆಪೊ ದರದ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿದರದ, ಏರಿಳಿತ ಇನ್ನೊಂದು ಒತ್ತಡ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಅದು ಶೇ. 6.5ರಿಂದ 5.5ಕ್ಕೆ ಇಳಿದಾಗ, ಅದಕ್ಕೆ ಜೋಡಿಸಿದ್ದ ಗೃಹಸಾಲಗಳ ಬಡ್ಡಿ ಬೇಗ ತಗ್ಗಿತು. ಹಳೆಯ ದರದ ನಿಶ್ಚಿತ ಠೇವಣಿಗಳಿಗೆ ಮಾತ್ರ ಅವಧಿ ಮುಗಿಯುವವರೆಗೆ ಒಪ್ಪಿದ ಬಡ್ಡಿಯನ್ನೇ ಕೊಡಬೇಕಾಯಿತು.

ಎಲ್ಲಕ್ಕಿಂತ ಆಳವಾದ ಪೆಟ್ಟು ಬೀಳುವುದು ವಸೂಲಾಗದ ಸಾಲದಿಂದ. ಒಂದು ಲಕ್ಷದ ಸಾಲದಲ್ಲಿ ಬರುವ ಬಡ್ಡಿಗೂ ಠೇವಣಿಗೆ ಕೊಡುವ ಬಡ್ಡಿಗೂ ನಡುವೆ ವರ್ಷಕ್ಕೆ ಉಳಿಯುವ ಅಂತರ ಶೇ. 3 ಎಂದಿಟ್ಟುಕೊಂಡರೆ, ಪೂರ್ತಿ ಮುಳುಗಿದ ಅಂಥ ಒಂದೇ ಸಾಲ 33 ಒಳ್ಳೆಯ ಸಾಲಗಳ ವರ್ಷದ ಗಳಿಕೆಯನ್ನು ನುಂಗುತ್ತದೆ. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಅನುತ್ಪಾದಕವಾಗುತ್ತದೆ, ಆಗಬಹುದಾದ ನಷ್ಟಕ್ಕೆಂದು ಲಾಭದಿಂದ ಹಣ ತೆಗೆದಿಡಬೇಕಾಗುತ್ತದೆ. ಭರದಿಂದ ಸಾಲ ಹಂಚಿದ ವರ್ಷ ಲಾಭ ಚೆನ್ನಾಗಿಯೇ ಕಾಣುತ್ತದೆ. ಆ ಸಾಲದ ಕಡತಗಳಲ್ಲಿ ಸಾಲಗಾರರ ಆದಾಯದ ದಾಖಲೆಯನ್ನು ಸರಿಯಾಗಿ ನೋಡಿದ್ದರೇ ಎಂಬುದು ತಿಳಿಯುವುದು ಎರಡು ಮೂರು ವರ್ಷಗಳ ಬಳಿಕ.