ಕೂದಲು ಉದುರದ ನಾಯಿ ಬೇಕೆನ್ನುವವರಿಗೆ

ನಮಸ್ಕಾರ. ನಾಯಿ ಸಾಕಲು ಹೊರಟವರು ಕೇಳುವ ಪ್ರಶ್ನೆ ಈಗ ಬದಲಾಗಿದೆ. ಮೊದಲು "ಕಾವಲಿಗೆ ಯಾವುದು ಒಳ್ಳೆಯದು?" ಎನ್ನುತ್ತಿದ್ದರು. ಈಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರಿದ್ದಾರೆ, ಬಾಗಿಲಿಗೆ ಕ್ಯಾಮೆರಾ ಬಂದಿದೆ. ಹಾಗಾಗಿ "ಕೂದಲು ಉದುರಬಾರದು, ಮಕ್ಕಳ ಜೊತೆ ಸಾಧುವಾಗಿರಬೇಕು, ಅಂಥ ತಳಿ ಹೇಳಿ" ಎನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಸಾರಿನಲ್ಲಿ ನಾಯಿಯ ಕೂದಲು ಸಿಕ್ಕ ದಿನ ಅಜ್ಜಿಯ ಎದುರು ನಿಲ್ಲುವುದು ಸುಲಭದ ಮಾತಲ್ಲ. ನನ್ನ ತಕರಾರು ಇರುವುದು ಈ ಪ್ರಶ್ನೆಗೆ ಮರಿ ಮಾರುವವರು ಕೊಡುವ ಉತ್ತರದ ಬಗ್ಗೆ. ಅವರು ಅರ್ಧ ಹೇಳಿ ಹಣ ಎಣಿಸಿಕೊಳ್ಳುತ್ತಾರೆ.

ಒಂದು ಕೂದಲೂ ಉದುರದ ನಾಯಿ ಎಲ್ಲಿಯೂ ಇಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಹಸ್ಕಿಗಳ ಮೈಮೇಲೆ ಎರಡು ಪದರಗಳಿವೆ. ಹೊರಗೆ ಒರಟು ಕೂದಲು, ಒಳಗೆ ಮೃದುವಾದ ತುಪ್ಪಳ. ಕಾಲ ಬದಲಾದಾಗ ಈ ಒಳಪದರ ಕಂತೆಕಂತೆಯಾಗಿ ಕಳಚಿಕೊಳ್ಳುತ್ತದೆ. ಪೂಡಲ್, ಮಾಲ್ಟೀಸ್, ಶಿಟ್ಜುಗಳ ಕೂದಲು ಮನುಷ್ಯರ ತಲೆಗೂದಲಿನ ಹಾಗೆ ಬಹುಕಾಲ ಬೆಳೆಯುತ್ತಲೇ ಇರುತ್ತದೆ, ಉದುರುವುದು ಕಡಿಮೆ. ಉದುರಿದ್ದೂ ನೆಲಕ್ಕೆ ಬೀಳದೆ ಉಳಿದ ಕೂದಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ನಾಯಿಗಳ ಮೈಗೂದಲಿನಲ್ಲಿ ಇಷ್ಟೊಂದು ವೈವಿಧ್ಯವಿದ್ದರೂ ಅದರ ಬಹುಪಾಲಿಗೆ ಕಾರಣ ಮೂರೇ ಮೂರು ಜೀನ್‌ಗಳು ಎಂದು 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಅವುಗಳಲ್ಲಿ ಒಂದು, ಮೂತಿಯ ಮೇಲೆ ಮೀಸೆ, ದಪ್ಪ ಹುಬ್ಬು ಬರಿಸುವ ಜೀನ್. ಸಾಮಾನ್ಯವಾಗಿ ಮೀಸೆ, ಗಡ್ಡ ಇರುವ ನಾಯಿ ಮನೆಯಲ್ಲಿ ಕೂದಲು ಚೆಲ್ಲುವುದು ಕಡಿಮೆ. ಷ್ನೌಜರ್‌ನ ಮುಖ ನೆನಪಿಸಿಕೊಳ್ಳಿ. ಇನ್ನು ಲ್ಯಾಬ್ರಡಾರ್ ಕೊಂಡು ಮೈಯೆಲ್ಲ ಬೋಳಿಸಿದರೆ ಸಮಸ್ಯೆ ಮುಗಿಯಿತು ಎಂದುಕೊಂಡವರಿದ್ದಾರೆ. ಮುಗಿಯುವುದಿಲ್ಲ. ಉದ್ದ ಕೂದಲಿನ ಬದಲು ತುಂಡು ಕೂದಲು ಉದುರುತ್ತದೆ, ಸೋಫಾದಿಂದ ಅದನ್ನು ಆರಿಸುವುದು ಇನ್ನೂ ಕಷ್ಟ.

ಈಗ ಮಾರುವವರು ಹೇಳದ ಅರ್ಧಕ್ಕೆ ಬರುತ್ತೇನೆ. ಕೆಳಗೆ ಬೀಳದ ಕೂದಲು ಎಲ್ಲಿ ಹೋಗುತ್ತದೆ? ಸಿಕ್ಕಾಗುತ್ತದೆ. ಪೂಡಲ್‌ನ ಕಿವಿಯ ಹಿಂದೆ, ಕಂಕುಳಿನಲ್ಲಿ, ಕೊರಳಪಟ್ಟಿ ಉಜ್ಜುವ ಜಾಗದಲ್ಲಿ ನೋಡಿ. ಬ್ರಷ್ ಮೇಲಿಂದ ಸಲೀಸಾಗಿ ಓಡುತ್ತದೆ, ನಾಯಿಯೂ ಅಂದವಾಗಿ ಕಾಣುತ್ತದೆ. ಸಣ್ಣ ಹಲ್ಲಿನ ಸ್ಟೀಲ್ ಬಾಚಣಿಗೆಯನ್ನು ಚರ್ಮದ ತನಕ ಇಳಿಸಿ ಎಳೆಯಿರಿ, ಅರ್ಧಕ್ಕೇ ನಿಂತುಬಿಡುತ್ತದೆ. ಅಲ್ಲಿ ಬೆರಳಿಟ್ಟರೆ ಹಳೆಯ ಕಂಬಳಿಯ ತುಂಡಿನಂತೆ ಗಟ್ಟಿಯಾದ ಗಂಟು. ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಕತ್ತರಿ ಹಾಕೋಣ ಎಂದರೆ ಗಂಟಿನೊಳಗೆ ಚರ್ಮವೂ ಎಳೆದುಕೊಂಡಿರುತ್ತದೆ, ಕೂದಲಿನ ಜೊತೆಗೆ ಅದೂ ಕತ್ತರಿಸಿಹೋಗುತ್ತದೆ. ಮಳೆಗಾಲದಲ್ಲಿ ಆ ಗಂಟಿನ ಕೆಳಗೆ ತೇವ ಆರದೆ ಹುಣ್ಣಾಗುತ್ತದೆ. ಉಣ್ಣಿ ಹುಳು ಕಚ್ಚಿಕೊಂಡಿದ್ದರೂ ಗೊತ್ತಾಗುವುದಿಲ್ಲ, ಆ ಉಣ್ಣಿಯಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ದಿನವೂ ಬಾಚಬೇಕು, ನಾಲ್ಕರಿಂದ ಆರು ವಾರಕ್ಕೊಮ್ಮೆ ಕ್ಷೌರ ಮಾಡಿಸಬೇಕು. ಈ ಖರ್ಚು ಒಂದೆರಡು ವರ್ಷದ್ದಲ್ಲ. ಸಣ್ಣ ಪೂಡಲ್ ಹನ್ನೆರಡು ಹದಿನೈದು ವರ್ಷ ಬದುಕುವ ಜೀವ.

ಬಾಚುವವರು ಯಾರು? ನಮ್ಮ ಮನೆಗಳಲ್ಲಿ ಇದು ನಡೆಯುವ ಬಗೆ ಎಲ್ಲರಿಗೂ ಗೊತ್ತು. ಮಗು ಹಟ ಹಿಡಿಯುತ್ತದೆ, ಅಪ್ಪ ದುಡ್ಡು ಕೊಡುತ್ತಾನೆ, ಬಾಚಣಿಗೆ ಅಮ್ಮನ ಕೈಗೆ ಬರುತ್ತದೆ. ಹಾಗಾಗಿ ಅಮ್ಮನನ್ನು ಮೊದಲು ಕೇಳಿ. ಅವರು ಬೇಡ ಎಂದರೆ ಪೂಡಲ್ ಬೇಡ.

ಇನ್ನೊಂದು ಗುಂಪಿದೆ. ಮನೆಯಲ್ಲಿ ಒಬ್ಬರಿಗೆ ದಮ್ಮು, ಸೀನು, ಆದ್ದರಿಂದ ಕೂದಲು ಉದುರದ ನಾಯಿ ತಂದರೆ ಅಲರ್ಜಿಯಾಗುವುದಿಲ್ಲ ಎಂದು ನಂಬಿದವರು. ಇವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನು. ಅದು ಎಲ್ಲ ತಳಿಗಳಲ್ಲೂ ಇದೆ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಮನೆಗಳ ದೂಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. 'ಅಲರ್ಜಿರಹಿತ' ಎನಿಸಿಕೊಂಡ ತಳಿಗಳಿದ್ದ ಮನೆಗೂ ಉಳಿದ ನಾಯಿಗಳಿದ್ದ ಮನೆಗೂ ಅಲರ್ಜಿಕಾರಕದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದೂ ಈ ನಂಬಿಕೆ ಏಕೆ ಬಲವಾಯಿತು? ಒಬಾಮಾ ಅಧ್ಯಕ್ಷರಾದಾಗ ಮಗಳು ಮಲಿಯಾಗೆ ಅಲರ್ಜಿ ಇದೆಯೆಂದು 2009ರಲ್ಲಿ, ಕೂದಲು ಕಡಿಮೆ ಉದುರುವ ಪೋರ್ಚುಗೀಸ್ ವಾಟರ್ ಡಾಗ್ ತಳಿಯ 'ಬೋ' ಶ್ವೇತಭವನಕ್ಕೆ ಬಂತು, ಜಗತ್ತೇ ನೋಡಿತು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1989ರಲ್ಲಿ, ಆಸ್ಟ್ರೇಲಿಯಾದಲ್ಲಿ ಅಂಧರ ಮಾರ್ಗದರ್ಶಿ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲನ್ನು ಕೂಡಿಸಿ ಲ್ಯಾಬ್ರಡೂಡಲ್ ಮಾಡಿದ್ದರು. ಹವಾಯಿಯ ಅಂಧ ಮಹಿಳೆಯೊಬ್ಬರ ಗಂಡನಿಗೆ ನಾಯಿಯ ಅಲರ್ಜಿ ಇತ್ತು, ಅವರಿಗಾಗಿ. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳಿಸಿದರೆ, ಆ ಗಂಡನಿಗೆ ತೊಂದರೆ ಕೊಡದಿದ್ದುದು ಒಂದೇ ಮರಿ. ಒಂದೇ ತಾಯಿ, ಒಂದೇ ತಂದೆ, ಒಂದೇ ಹೆರಿಗೆ, ನೆನಪಿರಲಿ! ಮುಂದೆ ಕಂಡಕಂಡವರೆಲ್ಲ ಹಣದಾಸೆಗೆ ಡೂಡಲ್ ಹುಟ್ಟಿಸತೊಡಗಿದ್ದನ್ನು ನೋಡಿ ಕಾನ್ರನ್ ಅವರೇ ತಮ್ಮ ಪ್ರಯೋಗಕ್ಕೆ ಬಹಿರಂಗವಾಗಿ ಪರಿತಪಿಸಿದರು. ಆದ್ದರಿಂದ ಅಲರ್ಜಿ ಇದ್ದವರು ತಳಿಯ ಹೆಸರು ನಂಬಬೇಡಿ. ನೀವು ತರಲಿರುವ ನಾಯಿಯ ಜೊತೆಗೇ ಬೇರೆಬೇರೆ ದಿನ ಹೋಗಿ ಗಂಟೆಗಟ್ಟಲೆ ಕುಳಿತು ನೋಡಿ. ಉಬ್ಬಸ ಇದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ಸ್ವಭಾವದ ವಿಷಯದಲ್ಲೂ ತಳಿಯ ಹೆಸರಿಗೆ ನಾವು ಹೆಚ್ಚು ಬೆಲೆ ಕೊಡುತ್ತಿದ್ದೇವೆ. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಪ್ರಶ್ನಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಅಷ್ಟೇ. ನಾನಾದರೆ ತಾಯಿ ನಾಯಿಯನ್ನು ನೋಡುತ್ತೇನೆ. ಅಪರಿಚಿತರನ್ನು ಕಂಡು ಮೂಲೆ ಸೇರುತ್ತದೆಯೋ, ಬಾಲವಾಡಿಸಿಕೊಂಡು ಬರುತ್ತದೆಯೋ? ತಾಯಿ ಊರಿನಲ್ಲಿದೆ, ಫೋಟೊ ಕಳಿಸುತ್ತೇವೆ ಎನ್ನುವವರ ಬಳಿ ಕೊಳ್ಳಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ ಕುರಿತ 2017ರ ಕೇಂದ್ರ ನಿಯಮಗಳ ಪ್ರಕಾರ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬೇಗ ತಾಯಿಯಿಂದ ಬೇರೆಯಾದ ಮರಿಗೆ ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವೇ ಸಿಕ್ಕಿರುವುದಿಲ್ಲ, ಆ ಪಾಠವನ್ನು ನಿಮ್ಮ ಮಗುವಿನ ಕೈಮೇಲೆ ಕಲಿಯುತ್ತದೆ. ಇನ್ನು 'ಟೀಕಪ್' ಎಂಬ ಹೆಸರಿನಲ್ಲಿ ಅಂಗೈಯಗಲದ ಪೂಡಲ್ ತೋರಿಸಿ ದುಪ್ಪಟ್ಟು ಬೆಲೆ ಕೇಳುತ್ತಾರೆ. ಅಂಥ ತಳಿಯೇ ಇಲ್ಲ. ನಾಲ್ಕು ವರ್ಷದ ಮಗು ಎತ್ತಿಕೊಂಡು ಕೈಜಾರಿಸಿದರೆ ಅದರ ಕಾಲು ಮುರಿಯುತ್ತದೆ.

ಹಾಗಾದರೆ ನಿನ್ನ ಆಯ್ಕೆ ಯಾವುದು ಎಂದು ಕೇಳುತ್ತೀರಿ. ಬಾಚಲು ನಿಜಕ್ಕೂ ಒಬ್ಬರಿದ್ದರೆ, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾಗಿದ್ದರೆ, ಮಿನಿಯೇಚರ್ ಪೂಡಲ್. ನೀರಿನಲ್ಲಿ ಬಿದ್ದ ಬೇಟೆಯನ್ನು ತರಲು ಬೆಳೆಸಿದ ವಂಶ ಅದು, ಬಲು ಚುರುಕು. ಕೆಲಸವಿಲ್ಲದೆ ಕೂರಿಸಿದರೆ ಬೇಸರಕ್ಕೆ ಬೊಗಳುತ್ತದೆ, ಅಷ್ಟೇ. ಶಿಟ್ಜು ಮುದ್ದಾಗಿದೆ, ಸಾಧುವೂ ಹೌದು, ಬೆಂಗಳೂರಿನಲ್ಲಿ ಹೇಗೋ ನಡೆದೀತು. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಗೆ ಆ ಚಪ್ಪಟೆ ಮೂತಿಯ ನಾಯಿಯನ್ನು ಒಯ್ಯುವುದು ಕ್ರೌರ್ಯ ಎಂದೇ ನನ್ನ ಮತ. ನಾಯಿ ಮೈ ತಣಿಸಿಕೊಳ್ಳುವುದು ತೇಕುತ್ತಾ ಉಸಿರಾಡಿ, ಅದಕ್ಕೆ ಆ ಮೂಗಿನಲ್ಲಿ ಸಾಕಷ್ಟು ಜಾಗವಿಲ್ಲ. ನಮ್ಮ ಮುಧೋಳ ನಾಯಿಯ ಕೂದಲು ಗಿಡ್ಡ, ಉಜ್ಜಲು ಒದ್ದೆ ಬಟ್ಟೆಯೇ ಸಾಕು, ಮನೆಯವರೊಂದಿಗೆ ಮೆತ್ತಗಿರುತ್ತದೆ. ಆದರೆ ಅದು ಓಡಲು ಹುಟ್ಟಿದ್ದು. ತೋಟ, ಹೊಲ ಇರುವವರು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಎರಡು ಕೋಣೆಯ ಫ್ಲ್ಯಾಟಿನವರು ಆ ಆಸೆ ಬಿಡಿ.

ಉಳಿದವರಿಗೆ, ಅಂದರೆ ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ, ಆಶ್ರಯಧಾಮದಲ್ಲಿರುವ ವರ್ಷ ದಾಟಿದ ನಾಟಿ ನಾಯಿ. ಕೂದಲು ಉದುರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ವಾರಕ್ಕೆರಡು ಸಲ ರಬ್ಬರ್ ಬ್ರಷ್ ಆಡಿಸಿದರೆ ಮನೆ ಗುಡಿಸುವವರು ಗೊಣಗದಷ್ಟಕ್ಕೆ ನಿಲ್ಲುತ್ತದೆ. ನಮ್ಮ ಸೆಕೆಗೆ ಹೊಂದಿಕೊಂಡ ಮೈ, ಕ್ಷೌರದ ಖರ್ಚಿಲ್ಲ. ಮುಖ್ಯವಾಗಿ, ಬೆಳೆದ ನಾಯಿಯ ಗುಣ ಕಣ್ಣಮುಂದೆಯೇ ಇರುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅದು ತಾನಾಗಿ ಹತ್ತಿರ ಬರುವ ತನಕ ಕಾಯಿರಿ. ಮೈ ಬಿಳಿಯಾಗಿದ್ದರೆ ಕಪ್ಪು ಪ್ಯಾಂಟು, ಕಪ್ಪಾಗಿದ್ದರೆ ಬಿಳಿ ಪ್ಯಾಂಟು ಹಾಕಿಕೊಂಡು ಹೋಗಿ, ಎಷ್ಟು ಕೂದಲು ಎಂಬುದು ವಾಪಸು ಬರುವಾಗ ಕಾರಿನಲ್ಲೇ ಗೊತ್ತಾಗುತ್ತದೆ.