ನನ್ನ ಇಷ್ಟದ ಹಾಡು ವಾಲ್ಟ್ಜ್‌ಗೆ ಆಗುತ್ತಾ?

ಬೆಳಿಗ್ಗೆ ಆರೂವರೆ. ಇದು ಮಲ್ಲೇಶ್ವರದ ನಮ್ಮ ಮನೆ ತಾರಸಿ. ಕಟ್ಟೆ ಮೇಲೆ ಕಾಫಿ ಲೋಟ, ನನ್ನ ಕೈಯಲ್ಲಿ ಫೋನು, ಅದರಲ್ಲಿ ಒಂದು ನಿಮಿಷದ ಟೈಮರ್.

ಎರಡು ವರ್ಷದಿಂದ ಪಾಶ್ಚಾತ್ಯರ ಜೋಡಿ ನೃತ್ಯವಾದ ಬಾಲ್‌ರೂಮ್ ಡಾನ್ಸ್ ಕಲಿಯುತ್ತಿದ್ದೇನೆ. ವಾಲ್ಟ್ಜ್ ಅದರಲ್ಲೊಂದು ಬಗೆ. ಶನಿವಾರದ ಕ್ಲಾಸಿಗೆ ಸ್ಲೋ ವಾಲ್ಟ್ಜ್‌ಗೆ ಹೊಂದುವ ಹಾಡು ನಾವೇ ತರಬೇಕು. ನಾನು ಒಂದು ಹಳೇ ಕನ್ನಡ ಹಾಡು ಆರಿಸಿದೆ, ಚಿಕ್ಕಂದಿನಿಂದ ಕೇಳಿದ್ದು. ಅಮ್ಮ ತೊಡೆ ಮೇಲೆ ತಾಳ ಹಾಕಿ, “ತಕಿಟ, ತಕಿಟ... ತಿಶ್ರ ಕಣೇ ಇದು” ಅಂದರು. ವಾಲ್ಟ್ಜ್ ಕೂಡ ಮೂರರ ಲೆಕ್ಕವೇ. ಹೊಂದಬೇಕಲ್ವಾ?

ಹೊಂದಲಿಲ್ಲ. ವಾಲ್ಟ್ಜ್‌ನಲ್ಲಿ ಒಂದಕ್ಕೆ ಮಂಡಿ ಸಡಿಲಿಸಿ ಉದ್ದದ ಹೆಜ್ಜೆ. ಎರಡು, ಮೂರಕ್ಕೆ ಹಿಮ್ಮಡಿ ಎತ್ತಿ ಮೈಯೆಲ್ಲಾ ಮೇಲೆ. ಮೂರು ಮುಗಿಯುವಾಗ ಮೆಲ್ಲಗೆ ಕೆಳಗೆ. ಹಾಡು ಅಷ್ಟು ಸಮಯ ಕೊಡಬೇಕು. ಇಲ್ಲಿ ನಾನು ಮೇಲೇರುವಷ್ಟರಲ್ಲಿ ಮುಂದಿನ ಒಂದು ಬಂದುಬಿಡುತ್ತಿತ್ತು.

ಆಮೇಲೆ ಎಣಿಸಿದೆವು. ಪ್ರತಿ ‘ತ’ಗೆ ಅಮ್ಮ ಒಂದು ಏಟು, ನಾನು ಲೆಕ್ಕ. ನಿಮಿಷಕ್ಕೆ 42. ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಜ್‌ಗೆ ಒಂದು-ಎರಡು-ಮೂರರ ಎಣಿಕೆ ನಿಮಿಷಕ್ಕೆ 28ರಿಂದ 30 ಸುತ್ತು, ಗಿರಗಿರ ತಿರುಗುವ ವಿಯೆನ್ನೀಸ್ ವಾಲ್ಟ್ಜ್‌ಗೆ 58ರಿಂದ 60. ನನ್ನ ಹಾಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆ್ಯಪ್‌ನಲ್ಲಿ ವೇಗ ಇಳಿಸಿ ನೋಡಿದೆ. ಗಾಯಕಿಯ ದನಿ ರಾಗ ಎಳೆದಂತಾಯಿತು. ಅಷ್ಟು ಚೆಂದದ ಹಾಡಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ವೇಗ ಸರಿ ಇದ್ದರೂ ಸಾಲದು. ಇನ್ನೆರಡು ಜೋಡಿ ನೃತ್ಯ ನೋಡಿ: ಟ್ಯಾಂಗೋ ನಿಮಿಷಕ್ಕೆ 31ರಿಂದ 33 ಸುತ್ತು, ಚಾ ಚಾ 30ರಿಂದ 32. ಎರಡೂ ನಾಲ್ಕರ ಲೆಕ್ಕ. ಆದರೆ ಚಾ ಚಾ ಹಾಡಿನಲ್ಲಿ ನಾಲ್ಕನೇ ಏಟು ಎರಡಾಗಿ ಒಡೆದು ಒಂದಕ್ಕೆ ಬಂದು ಸೇರುವುದು ಕೇಳಿಸಬೇಕು. ‘ಚಾ ಚಾ ಚಾ’ ಹೆಜ್ಜೆ ಬೀಳುವುದು ಅಲ್ಲೇ. ಟ್ಯಾಂಗೋಗೆ ಕತ್ತರಿಸಿದಂಥ ಏಟು ಬೇಕು. ಅದರಲ್ಲಿ ಏರಿಳಿತ ಇಲ್ಲ. ಹೆಜ್ಜೆ ತಟ್ಟನೆ ಇಡಬೇಕು, ಅಲ್ಲೇ ನಿಲ್ಲಬೇಕು. ಒಂದರ ಹಾಡು ಇನ್ನೊಂದಕ್ಕೆ ಹಾಕಿದರೆ ಲೆಕ್ಕ ತಪ್ಪುವುದಿಲ್ಲ, ಆದರೆ ಮೈ ಒಪ್ಪುವುದಿಲ್ಲ.

ರಾಮನವಮಿಗೆ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಅಮ್ಮನ ಪಕ್ಕ ಕೂತು ಕಛೇರಿ ಕೇಳುತ್ತಾ ಬೆಳೆದವಳು ನಾನು. ತಾಳ ಹಾಕೋದು ಅಲ್ಲಿಂದಲೇ ಬಂದ ಅಭ್ಯಾಸ. ಈಗ ವಾಲ್ಟ್ಜ್‌ಗೆ ಕೆಲಸಕ್ಕೆ ಬರುತ್ತಿದೆ.

ಕೆಳಗೆ ಇಳಿಯುವ ಮುಂಚೆ ಅಮ್ಮ ಸುಮ್ನೆ ಒಂದು ಜೋಗುಳ ಗುನುಗಿದರು. ನನ್ನನ್ನು ಮಲಗಿಸುತ್ತಿದ್ದ ಹಾಡು. ಮೂರರ ಲೆಕ್ಕ, ಮೊದಲನೆಯದಕ್ಕೆ ಒತ್ತು, ತೊಟ್ಟಿಲು ತೂಗಿದ ಹಾಗೆ. ಟೈಮರ್ ಹಾಕಿದೆ. 29.

“ಅಮ್ಮ, ಇನ್ನೊಂದು ಸಲ ಹಾಡಿ” ಅಂದೆ. ಹಿಂದೆ ಕಾಗೆ ಕೂಗುತ್ತಿದೆ, ಕೆಳಗಿಂದ ಕುಕ್ಕರ್ ಸೀಟಿಯೂ ಕೇಳಿಸುತ್ತಿದೆ. ಇರಲಿ. ಶನಿವಾರಕ್ಕೆ ಇದನ್ನೇ ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದೇನೆ.