ಪ್ರಕಾಶಕರ ಸಂಸಾರ ನಡೆಯುವುದು ಯಾರ ಜೇಬಿನಿಂದ?

ಹೊಸ ಬರಹಗಾರರಿಗೆಲ್ಲ ನಮಸ್ಕಾರ. ಭಾನುವಾರ ಬೆಳಗ್ಗೆ, ಅದೂ ಬಸವನಗುಡಿಯಲ್ಲಿ, ದೋಸೆಯ ಸಾಲು ಬಿಟ್ಟು ಇಲ್ಲಿ ಬಂದು ಕೂತಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮ ಪ್ರಶ್ನೆಗಳನ್ನು ಸಂಘಟಕರು ಮೊದಲೇ ಚೀಟಿಯಲ್ಲಿ ಬರೆಸಿಕೊಂಡು ನನಗೆ ಕೊಟ್ಟಿದ್ದರು. ಜಾಸ್ತಿ ಬಂದಿರುವ ಪ್ರಶ್ನೆ ಇದು: "ಸಾರ್, ಒಂದು ಪುಸ್ತಕ ಮಾಡಿಸೋಕೆ ಎಷ್ಟಾಗುತ್ತೆ?" ಪ್ರಕಾಶಕರು ನನಗೆಷ್ಟು ಕೊಡುತ್ತಾರೆ ಅಂತ ಯಾರೂ ಕೇಳಿಲ್ಲ. ದುಡ್ಡು ನಾವೇ ಕೊಡಬೇಕು ಅನ್ನುವುದು ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ಯಾವ ಪ್ರಕಾಶಕರ ಹತ್ತಿರ ಹೋದರೂ, ಯಾವ ಸ್ಪರ್ಧೆಗೆ ಕಳಿಸಿದರೂ, ಇವರ ಸಂಸಾರ ಯಾರ ಜೇಬಿನಿಂದ ನಡೆಯುತ್ತಿದೆ ಅಂತ ಮೊದಲು ಪತ್ತೆ ಮಾಡಿ. ಕನ್ನಡದಲ್ಲಿ ಅಂಥ ಜೇಬು ಮೂರು. ಓದುಗರದು, ಸರ್ಕಾರದ್ದು, ಇಲ್ಲವೇ ನಿಮ್ಮದೇ.

ಓದುಗರನ್ನು ನಂಬಿಕೊಂಡ ಪ್ರಕಾಶಕರನ್ನು ಗುರುತಿಸುವುದು ಸುಲಭ. ಇಲ್ಲೇ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗಿ. ಗಾಂಧಿನಗರದ ಸಪ್ನಾಕ್ಕೆ, ನವಕರ್ನಾಟಕದ ಮಳಿಗೆಗೆ ಹೋಗಿ. ನಿಮ್ಮ ಹಸ್ತಪ್ರತಿ ಕೇಳಿದವರ ಒಂದಾದರೂ ಪುಸ್ತಕ ಕಪಾಟಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ, "ಇವರ ಪುಸ್ತಕ ನೀವು ತರಿಸುತ್ತೀರಾ?" ಅಂತ. ಅಂಗಡಿಯವರಿಗೆ ಎಲ್ಲ ಗೊತ್ತಿರುತ್ತದೆ. ಯಾರು ಪುಸ್ತಕ ತಂದು ಹಾಕುತ್ತಾರೆ, ಯಾರು ಬಿಡುಗಡೆ ಸಮಾರಂಭದ ಮರುದಿನವೇ ಮಾಯವಾಗುತ್ತಾರೆ ಅನ್ನುವುದು ಅವರಿಗಿಂತ ಚೆನ್ನಾಗಿ ವಿಮರ್ಶಕರಿಗೂ ಗೊತ್ತಿಲ್ಲ.

ಪುಸ್ತಕ ಸಿಕ್ಕಿದರೆ ಕತೆ ಓದುವ ಮೊದಲು ಶೀರ್ಷಿಕೆ ಪುಟದ ಹಿಂಬದಿ ನೋಡಿ. ನಾನು ಕರಡು ತಿದ್ದುವ ಕೆಲಸದವನು, ಈ ಪುಟ ನೋಡುವುದು ನನಗೆ ಚಟ. ಅಲ್ಲಿ ಎರಡನೇ ಮುದ್ರಣ, ಮೂರನೇ ಮುದ್ರಣ ಅಂತ ಇಸವಿ ಹಾಕಿದ್ದರೆ ಯಾರೋ ದುಡ್ಡು ಕೊಟ್ಟು ಕೊಂಡಿದ್ದಾರೆ ಅಂತ ಲೆಕ್ಕ. ಹಕ್ಕು ಯಾರ ಹೆಸರಿನಲ್ಲಿದೆ ನೋಡಿ. ಲೇಖಕರದಾ, ಪ್ರಕಾಶಕರದಾ? ಒಬ್ಬರದೇ ನಾಲ್ಕು ಪುಸ್ತಕದಲ್ಲಿ ನಾಲ್ಕೂ ಹಕ್ಕು ಪ್ರಕಾಶಕರದೇ ಆಗಿದ್ದರೆ ಎಚ್ಚರ. ಪ್ರತಿಗಳು 500 ಅಂತ ಇರುತ್ತದೆ. ಅದರ ಕೆಳಗೆ "ಬಳಸಿದ ಕಾಗದ: 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೋ, 1/8 ಡೆಮಿ" ಅಂತಲೂ ಇರುತ್ತದೆ. ಕಾಗದ ಎಷ್ಟು ದಪ್ಪ ಅಂತ ಯಾವ ಓದುಗರೂ ಕೇಳುವುದಿಲ್ಲ, ಅಲ್ವಾ? ಅದನ್ನು ಕೇಳುವುದು ಸಗಟಾಗಿ ಖರೀದಿ ಮಾಡುವ ಕಚೇರಿ.

ಎರಡನೇ ಜೇಬು ಅದೇ. ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರಕ್ಕೂ ಸಗಟು ಖರೀದಿಯ ಯೋಜನೆ ಇದೆ. ಗ್ರಂಥಾಲಯದವರು ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ದುಡ್ಡು ಬರುವುದು ತಡ ಅನ್ನುವ ದೂರು ಪ್ರಕಾಶಕರಲ್ಲಿ ಹಳೆಯದು. ಇದನ್ನು ಸುಮ್ನೆ ಬೈಯಲು ನಾನು ತಯಾರಿಲ್ಲ. ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕಿನಲ್ಲಿ ಒಬ್ಬ ಹುಡುಗಿ ನಿಮ್ಮ ಕತೆ ಓದಿದರೆ ಅದು ಗ್ರಂಥಾಲಯದಿಂದಲೇ. ತುಂಬ ಒಳ್ಳೆಯ ಪ್ರಕಾಶಕರೂ ಈ ಖರೀದಿ ಇರುವುದರಿಂದಲೇ ಕವನ ಸಂಕಲನಕ್ಕೆ ಕೈಹಾಕುವ ಧೈರ್ಯ ಮಾಡುತ್ತಾರೆ.

ಆದರೆ ಬರೀ ಇದನ್ನೇ ನಂಬಿದ ಪ್ರಕಾಶಕರಿಗೆ ನಿಮ್ಮ ಪುಸ್ತಕ ಅಂಗಡಿ ಮುಟ್ಟಬೇಕೆಂಬ ತುರ್ತು ಇರುವುದಿಲ್ಲ. ಪುಟದ ಲೆಕ್ಕದಲ್ಲಿ ಬೆಲೆ ಇದ್ದಾಗ ಅಕ್ಷರ ದಪ್ಪ ಮಾಡಿ, ಸಾಲು ದೂರ ಮಾಡಿ, ಎಂಬತ್ತು ಪುಟದ ಸರಕನ್ನು ನೂರಿಪ್ಪತ್ತಕ್ಕೆ ಎಳೆಯುವ ಆಸೆಯೂ ಬರುತ್ತದೆ. ಹಾಗಾಗಿ ಎರಡು ಪ್ರಶ್ನೆ ಕೇಳಿ. ಅಂಗಡಿಗೆ ಎಷ್ಟು ಪ್ರತಿ ಹೋಗುತ್ತದೆ? ಗ್ರಂಥಾಲಯ ಕೊಂಡ ಪ್ರತಿಗಳ ಮೇಲೂ ನನಗೆ ರಾಯಧನ (ಮಾರಾಟದಲ್ಲಿ ಲೇಖಕರ ಪಾಲು) ಇದೆಯಾ? ಎರಡನೆಯದನ್ನು ಕೇಳಿದಾಗ ಎದುರಿಗಿರುವವರು "ಅದೆಲ್ಲ ಆಮೇಲೆ ನೋಡೋಣ ಬಿಡಿ" ಅಂದರೆ, ಆ "ಆಮೇಲೆ" ಎಂದಿಗೂ ಬರುವುದಿಲ್ಲ.

ಇನ್ನು ಮೂರನೇ ಜೇಬು, ನಿಮ್ಮದು. ಈ ಸಭೆಯಲ್ಲಿ ಅರ್ಧ ಜನರ ಫೋನಿನಲ್ಲಿ ಇಂಥ ಮೆಸೇಜ್ ಇರಲೇಬೇಕು: "ಅಭಿನಂದನೆಗಳು! ತಮ್ಮ ಕವನ ರಾಜ್ಯಮಟ್ಟದ ಸಂಕಲನಕ್ಕೆ ಆಯ್ಕೆಯಾಗಿದೆ. ನೋಂದಣಿ ಶುಲ್ಕ 600 ರೂ. ಕನಿಷ್ಠ ಐದು ಪ್ರತಿ ಕೊಳ್ಳುವುದು ಕಡ್ಡಾಯ. ಬಿಡುಗಡೆ ದಿನ ಬಿರುದು, ಶಾಲು, ಸ್ಮರಣಿಕೆ, ಪ್ರಮಾಣಪತ್ರ ನೀಡಲಾಗುವುದು. ಪ್ರಯಾಣ ಭತ್ಯೆ ಇರುವುದಿಲ್ಲ." ನೀವು ಕವನ ಕಳಿಸಿದ್ದು ರಾತ್ರಿ ಹತ್ತಕ್ಕೆ, ಆಯ್ಕೆಯಾದದ್ದು ಬೆಳಗ್ಗೆ ಏಳಕ್ಕೆ. ಯಾರು ಓದಿದರು, ಯಾವಾಗ ಓದಿದರು?

ಲೆಕ್ಕ ಹಾಕೋಣ. ಪ್ರತಿಗೆ 150 ರೂಪಾಯಿ ಅಂತಿಟ್ಟುಕೊಳ್ಳಿ. ಐದು ಪ್ರತಿಗೆ 750, ಶುಲ್ಕ 600, ಒಟ್ಟು 1,350. ಎಂಬತ್ತು ಕವಿಗಳು ಸೇರಿದರೆ 1,08,000 ರೂಪಾಯಿ. ಮುದ್ರಿಸಿದ 400 ಪ್ರತಿಯೂ ಪ್ರೆಸ್ಸಿನಿಂದ ಹೊರಡುವ ಮೊದಲೇ ಖರ್ಚು. ಆ ಪುಸ್ತಕಕ್ಕೆ ಓದುಗರೇ ಬೇಕಾಗಿಲ್ಲ. ಮದುವೆಮನೆಯಲ್ಲಿ ಮುಯ್ಯಿ ಹಾಕಿ, ಊಟ ಮಾಡಿ, ಫೋಟೋ ತೆಗೆಸಿಕೊಂಡು ಬಂದ ಹಾಗೆ. ಖುಷಿಗೆ ಹೋಗುವುದಾದರೆ ಹೋಗಿ, ನನ್ನ ತಕರಾರಿಲ್ಲ. ಪ್ರಕಟಣೆ ಅಂತ ಮಾತ್ರ ಅದನ್ನು ಎಣಿಸಬೇಡಿ.

ಸ್ವಲ್ಪ ದೊಡ್ಡ ಮಟ್ಟದಲ್ಲಿ ಇದೇ ಆಟಕ್ಕೆ ಪ್ಯಾಕೇಜ್ ಅಂತ ಹೆಸರು. ಇಷ್ಟು ಸಾವಿರ ಕೊಟ್ಟರೆ ಮುಖಪುಟ, ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆ, ಅಮೆಜಾನ್‌ನಲ್ಲಿ ಮಾರಾಟ, ಪ್ರಚಾರ ಎಲ್ಲ ನಮ್ಮದು ಅನ್ನುತ್ತಾರೆ. ಐಎಸ್‌ಬಿಎನ್‌ಗೆ ಪ್ರತ್ಯೇಕ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ, ಅದೂ ಉಚಿತವಾಗಿ. ಸ್ವಂತ ಪುಸ್ತಕ ತರುವ ಲೇಖಕರೂ ಅರ್ಜಿ ಹಾಕಬಹುದು. ನಮ್ಮ ಪುಸ್ತಕಗಳ ಹದಿಮೂರು ಅಂಕಿಯ ಆ ಸಂಖ್ಯೆ 978-81 ಅಥವಾ 978-93 ಅಂತ ಶುರುವಾಗುತ್ತದೆ. ಇನ್ನು ಅಮೆಜಾನ್‌ನಲ್ಲಿ ಹಾಕುವುದು ದೊಡ್ಡ ವಿಷಯವಲ್ಲ. ಹಾಕಿದ ಮೇಲೆ ಯಾರಾದರೂ ಕೊಳ್ಳಬೇಕಲ್ಲ.

ಇಲ್ಲಿ ಒಂದು ಮಾತು. ಸ್ವಂತ ದುಡ್ಡಲ್ಲಿ ಪುಸ್ತಕ ತರುವುದು ಅವಮಾನ ಅಂತ ನಾನು ಹೇಳುತ್ತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಯಾರಿಗೂ ಪ್ಯಾಕೇಜ್ ದುಡ್ಡು ಕಟ್ಟಲಿಲ್ಲ, ಓದುಗರ ಮನೆ ಬಾಗಿಲಿಗೆ ಹೋದರು. ನೀವೂ ಹಾಗೆ ಮಾಡುವುದಾದರೆ ಕೆಲಸ ಬಿಡಿಬಿಡಿಯಾಗಿ ಮಾಡಿಸಿ. ಪುಟ ಜೋಡಿಸುವ ಡಿಟಿಪಿಯವರಿಗೆ ಪುಟಕ್ಕಿಷ್ಟು, ಕರಡು ತಿದ್ದುವವರಿಗೆ ಪುಟಕ್ಕಿಷ್ಟು (ದಯವಿಟ್ಟು ಇದನ್ನು ಬಿಡಬೇಡಿ, ನನ್ನ ಹೊಟ್ಟೆಪಾಡಿಗಾಗಿ ಹೇಳುತ್ತಿಲ್ಲ), ಮುಖಪುಟದ ಕಲಾವಿದರಿಗೆ ಬೇರೆ. ಪ್ರೆಸ್ಸಿನವರು ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಮುದ್ರಣವಾಗುವ ಪುಟಗಳ ಕಂತೆಯ ಲೆಕ್ಕದಲ್ಲಿ ಮಾತಾಡುತ್ತಾರೆ. 1/8 ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಅಂದರೆ 16 ಪುಟ. ಹಾಗಾಗಿ 128 ಪುಟಕ್ಕೆ ಎಂಟು ಫಾರಂ ಸಾಕು, 130 ಪುಟ ಆದರೆ ಒಂಬತ್ತನೆಯದಕ್ಕೆ ಕೈಹಾಕಬೇಕು. ಎರಡು ಪುಟ ಕಡಿಮೆ ಮಾಡಿದರೆ ದುಡ್ಡೂ ಉಳಿಯುತ್ತದೆ, ಸಾಮಾನ್ಯವಾಗಿ ಕತೆಯೂ ಸುಧಾರಿಸುತ್ತದೆ.

ಸರಿ, ದುಡ್ಡು ಕೊಡದೆ ಎಲ್ಲಿಗೆ ಕಳಿಸುವುದು? ಮೊದಲು ಪತ್ರಿಕೆಗಳಿಗೆ. ಮಯೂರ, ತುಷಾರ, ಸುಧಾ, ತರಂಗ ಇವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ, ವಿಜಯ ಕರ್ನಾಟಕದ ಯುಗಾದಿ ಕಥಾಸ್ಪರ್ಧೆ ನಿಮಗೆ ಗೊತ್ತಿರುವವೇ. ಪ್ರಕಟಣೆಯಲ್ಲಿ ಪದಮಿತಿ ಹೇಳಿದ್ದರೆ ಅದನ್ನು ಮೀರಬೇಡಿ. "ಅಪ್ರಕಟಿತ" ಅಂತ ಕೇಳಿದ್ದರೆ ಫೇಸ್‌ಬುಕ್ಕಿನಲ್ಲಿ ಹಾಕಿದ ಕತೆ ಕಳಿಸಬೇಡಿ. ಒಂದೇ ಕತೆಯನ್ನು ಎರಡು ಕಡೆ ಕಳಿಸಬೇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಪತ್ರಿಕೆಯವರು ತೆರೆದಾಗ ಬರೀ ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು. ಯುನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇಡಿ. ಸಣ್ಣ ಸ್ಪರ್ಧೆಗಳಾದರೆ ತೀರ್ಪುಗಾರರ ಹೆಸರು, ಹಿಂದೆ ಗೆದ್ದವರ ಹೆಸರು ಹುಡುಕಿ. "ಸ್ಪರ್ಧೆಗೆ ಬಂದ ಎಲ್ಲ ಬರಹಗಳ ಹಕ್ಕು ಆಯೋಜಕರದು" ಅನ್ನುವ ಸಾಲು ಎಲ್ಲೋ ಕೆಳಗೆ ಅಡಗಿರುತ್ತದೆ. ಅದಿದ್ದರೆ ಸೋತ ಕತೆಯೂ ನಿಮ್ಮ ಕೈ ತಪ್ಪಿತು ಅಂತ ಅರ್ಥ.

ಪುಸ್ತಕದ ಮಟ್ಟದಲ್ಲಿ ನೋಡಿದರೆ, ಛಂದ ಪುಸ್ತಕ ಪ್ರಕಾಶನದವರು ಇನ್ನೂ ಕಥಾಸಂಕಲನ ತಾರದವರಿಂದ ಹಸ್ತಪ್ರತಿ ಕರೆದು, ಗೆದ್ದದ್ದನ್ನು ತಾವೇ ಪ್ರಕಟಿಸುತ್ತಾ ಬಂದಿದ್ದಾರೆ. ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ ವಯಸ್ಸಿನ ಮಿತಿ ಇದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಮಧುರಚೆನ್ನರ ಹೆಸರಿನ ದತ್ತಿ ಬಹುಮಾನ ಇರುವುದೇ ಲೇಖಕರ ಮೊದಲ ಸ್ವತಂತ್ರ ಕೃತಿಗೆ. ಟೋಟೋ ಪುರಸ್ಕಾರ ಕನ್ನಡದ ಎಳೆಯ ಬರಹಗಾರರಿಗೂ ಇದೆ.

ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಗಮನಿಸಿದಿರಾ? ಮೊದಲ ಕೃತಿ, ಚೊಚ್ಚಲ ಕೃತಿ, ಇನ್ನೂ ಸಂಕಲನ ತಾರದವರು. ಮೊದಲ ಪುಸ್ತಕ ಒಂದೇ ಸಲ ಬರುತ್ತದೆ. ಪ್ಯಾಕೇಜಿನವರಿಗೆ ದುಡ್ಡು ಕೊಟ್ಟು ಅವಸರದಲ್ಲಿ ಒಂದು ತಂದಿರೋ, ಈ ಬಾಗಿಲುಗಳಲ್ಲಿ ಕೆಲವು ಅಲ್ಲಿಗೇ ಮುಚ್ಚಿದವು. ನನ್ನ ಪ್ರಕಾರ ಹೋದ ದುಡ್ಡಿಗಿಂತ ಇದೇ ದೊಡ್ಡ ನಷ್ಟ. ದುಡ್ಡನ್ನು ಮತ್ತೆ ಸಂಪಾದಿಸಬಹುದು.

ಕೊನೆಯದಾಗಿ ಒಪ್ಪಂದ. "ನಮ್ಮ ನಿಮ್ಮ ನಡುವೆ ಕಾಗದ ಯಾಕೆ?" ಅನ್ನುವ ಪ್ರಕಾಶಕರು ನಮ್ಮಲ್ಲಿ ಬೇಕಾದಷ್ಟು ಜನ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೂ ಕಾಗದ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ನಿಮ್ಮ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಬರಹದಲ್ಲೇ ಆಗಬೇಕು, ನಿಮ್ಮ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಎಲ್ಲೆಲ್ಲಿ, ರಾಯಧನ ಎಷ್ಟು ಅಂತ ಅದರಲ್ಲಿ ಹೇಳಿರಬೇಕು. ಅವಧಿ ಬರೆಯದೇ ಇದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಏನೂ ಹೇಳದಿದ್ದರೆ, ಅದು ಬಿದ್ದುಹೋಗುತ್ತದೆ. ಹಸ್ತಪ್ರತಿ ಬೀರುವಿನಲ್ಲಿಟ್ಟು ಮರೆಯುವವರಿಗೆ ಇದನ್ನು ನೆನಪಿಸಬಹುದು. ಕೃತಿಸ್ವಾಮ್ಯ ಲೇಖಕರ ಕಾಲಾನಂತರವೂ 60 ವರ್ಷ ಇರುತ್ತದೆ. "ಶಾಶ್ವತವಾಗಿ, ಎಲ್ಲ ಹಕ್ಕುಗಳು" ಅಂತ ಸಹಿ ಹಾಕಿದರೆ ಮೊಮ್ಮಕ್ಕಳ ಪಾಲನ್ನೂ ಬರೆದುಕೊಟ್ಟ ಹಾಗಾಯಿತು.

ಅನುವಾದ, ಆಡಿಯೋ, ಇ-ಪುಸ್ತಕ, ಸಿನಿಮಾ, ಇವನ್ನು ಮುದ್ರಣದ ಹಕ್ಕಿನ ಜೊತೆ ಕಟ್ಟಿ ಕೊಡಬೇಡಿ. ನನ್ನ ಕತೆಯನ್ನು ಯಾರು ಅನುವಾದ ಮಾಡುತ್ತಾರೆ ಬಿಡಿ ಅಂತ ನಗಬೇಡಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. 50,000 ಪೌಂಡನ್ನು ಲೇಖಕರು, ಅನುವಾದಕರು ಸಮನಾಗಿ ಹಂಚಿಕೊಳ್ಳುವ ಬಹುಮಾನ ಅದು.

ರಾಯಧನದ ವಿಷಯದಲ್ಲಿ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಮುಖಬೆಲೆಯ ಶೇಕಡ 10 ಅಂತಿಟ್ಟುಕೊಂಡರೆ, 150 ರೂಪಾಯಿಯ 500 ಪ್ರತಿಯೂ ಮಾರಿಹೋದಾಗ ನಿಮಗೆ ಬರುವುದು 7,500. ಕೆಲವರು ದುಡ್ಡಿನ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಹೊಸಬರಿಗೆ ಅದೂ ಪರವಾಗಿಲ್ಲ, ಎಷ್ಟು ಪ್ರತಿ ಅಂತ ಮೊದಲೇ ಬರೆದಿದ್ದರೆ. ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ವರ್ಷಕ್ಕೊಮ್ಮೆ ಕೊಡಬೇಕು ಅನ್ನುವ ಸಾಲು ಮಾತ್ರ ಹಾಕಿಸಿಕೊಳ್ಳಿ. ಮತ್ತೆ, ಸಹಿ ಹಾಕುವ ಮೊದಲು ಅದೇ ಪ್ರಕಾಶಕರ ಇಬ್ಬರು ಲೇಖಕರಿಗೆ ಫೋನ್ ಮಾಡಿ. "ಲೆಕ್ಕ ಬರುತ್ತಾ ಮೇಡಂ?" ಅಂತ ಅಷ್ಟೇ ಕೇಳಿ.

ಒಪ್ಪಂದದ ಕಾಗದ ಜೊತೆಗೆ ತಂದವರು ಯಾರಾದರೂ ಇದ್ದರೆ ಕಾಫಿಯ ಹೊತ್ತಿಗೆ ಹಿಂದಿನ ಸಾಲಿನ ಹತ್ತಿರ ಬನ್ನಿ, ಒಟ್ಟಿಗೆ ಕೂತು ಓದೋಣ. ಉಳಿದ ಚೀಟಿಗಳಿಗೆ ಉತ್ತರ ಅದಾದ ಮೇಲೆ.